ಇಪ್ಪತ್ತನಾಲ್ಕನೆಯ ತಿರುವು

ಕ್ರಾನ್ಸ್ಕಾ ಗೋರಾ ದಾಟಿದರೆ ತಿರುವುಗಳಿಗೆಲ್ಲ ನಂಬರು.
ಎಡಕ್ಕೆ ಹೊರಳಿದಾಗಲೆಲ್ಲ ವ್ಯಾನಿನ ಕಪಾಟು ಬಾಯಿಬಿಟ್ಟು
ಒಂದು ಚಮಚ ಉದುರಿಸುತ್ತದೆ.
ಸ್ಲಾವ್ಕೊ ಎತ್ತಿಡುವುದಿಲ್ಲ;
ಅವನ ಹೊಸ ಮೊಣಕಾಲು ಬಗ್ಗುವುದು ಬ್ರೇಕಿಗೆ ಮಾತ್ರ.

ಸೈಕಲ್ಲು ಈಗ ಯೆರ್ನೆಯಾಳದು.
ಅವನದೇ ಸೀಟು, ಎರಡು ಬೆರಳು ಇಳಿಸಿದ್ದು.
ಕಲ್ಲು ಹಾಸಿದ ತಿರುವಲ್ಲಿ ಹಲ್ಲಿಗೆ ಹಲ್ಲು ಬಡಿದು
ಅವಳು ಬೈದದ್ದು ಯಾರನ್ನೋ,
ಬೆಟ್ಟವನ್ನಂತೂ ಅಲ್ಲ.

ಎಂಟರಲ್ಲಿ ನೀರು. ಹದಿಮೂರರಲ್ಲಿ ಅರ್ಧ ಏಪ್ರಿಕಾಟು.
ಹತ್ತೊಂಬತ್ತರಲ್ಲಿ ಬರಿಗೈಯಲ್ಲಿ ನಿಂತಿದ್ದ,
'ಗೇರು ಇಳಿಸು' ಎನ್ನಲು ಬಾಯಿ ತೆರೆದು
ಮುಚ್ಚಿಕೊಂಡ.

ನೆತ್ತಿಯಲ್ಲಿ, ನಿಲ್ಲಿಸಿದ್ದೇ ತಡ,
ಕುರಿಗಳು ಬಂದು ವ್ಯಾನಿನ ನೆರಳು ಹಿಡಿದು ಮಲಗಿದವು.
ಮೇಲಿನ ಗುಡಿಸಲಿಗೆ ನಲವತ್ತು ನಿಮಿಷ ಎಂದಿತ್ತು ಹಲಗೆ.
ಇವರಿಗೆ ಎರಡು ಗಂಟೆ.
ಮುಂದೆ ಅವನ ಊರುಗೋಲು ಟಕ್, ಟಕ್,
ಹಿಂದೆ ಅವಳು, ಸರಿಯಾಗೇ ಇದ್ದ ಬೂಟಿನ ಲೇಸು
ಬಿಚ್ಚಿ ಬಿಚ್ಚಿ ಕಟ್ಟುತ್ತ.

ಕಾಳಿನ ಸಾರು ಬಡಿಸುತ್ತ ಗುಡಿಸಲಿನ ತಿಲ್ಕಾ ಕೇಳಿದಳು:
'ನಿಮ್ಮಲ್ಲಿ ಸೈಕಲ್ಲಲ್ಲಿ ಹತ್ತಿದ್ದು ಯಾರು?'
ಸ್ಲಾವ್ಕೊನ ಕೈ ತಾನಾಗಿಯೇ ಮೇಲೆದ್ದಿತು.

ಯೆರ್ನೆಯಾ ಸಾರಿಗೆ
ಇನ್ನೊಂದಿಷ್ಟು ಉಪ್ಪು ಹಾಕಿಕೊಂಡಳು.