ನಲವತ್ತಮೂರಕ್ಕೆ ಹತ್ತು

ಗೋಣಿಚೀಲದ ಮೇಲೆ ಎರಡು ಜೊತೆ ಇಟ್ಟಿದ್ದಾನೆ
ರೋಹಿದಾಸ ತಾಂಡೇಲ.
ಒಂದರ ಹಲ್ಲು ನಲವತ್ತೊಂದಕ್ಕೆ ಹನ್ನೊಂದು,
ಇನ್ನೊಂದರದು ನಲವತ್ತಮೂರಕ್ಕೆ ಹತ್ತು.
ಆರಿಸಿ ಡಾಕ್ಟರೇ, ಅನ್ನುತ್ತಾನೆ,
ಮೀನಿನವಳು ಬುಟ್ಟಿಯ ಮೇಲಿನ ಎಲೆ ಸರಿಸಿದ ಹಾಗೆ.

ಬೈತಖೋಲದಲ್ಲಿ ಐಸು ಒಡೆಯುವ ಯಂತ್ರ ಒಂದೇ ಸಮ ಕೂಗುತ್ತಿದೆ.
ಶೆಡ್ಡಿನ ತುಂಬ ಟ್ರಾಲರುಗಳ ಗೇರುಪೆಟ್ಟಿಗೆ,
ನಡುವೆ ಜ್ಯಾಕಿನ ಮೇಲೆ ನನ್ನ ಕಾರು,
ಎರಡೇ ಸೀಟು, ಕೆಸುವಿನೆಲೆಯ ಹಸಿರು.
ನೌಕಾನೆಲೆಯ ಅಧಿಕಾರಿಯೊಬ್ಬರು ವರ್ಗವಾದಾಗ
ಹೆಂಡತಿ ಬೈದಳೆಂದು ಮಾರಿ ಹೋದದ್ದು.
ಮೊನ್ನೆ ಹಿಂದಿನ ಹೌಸಿಂಗ್ ಬಿಚ್ಚಿದರೆ
ಕಪ್ಪು ಎಣ್ಣೆಯ ಜೊತೆ ಒಂದು ಹಲ್ಲು ಬಂತು ಅಂಗೈಗೆ.
ಹದಿನೇಳು ವರ್ಷದಿಂದ ಕಾರವಾರದ ಹಲ್ಲು ಕೀಳುತ್ತಿದ್ದೇನೆ,
ಇದನ್ನು ಹಿಡಿದಾಗ ಮಾತ್ರ ಬೆರಳು ತುಸು ನಡುಗಿತು.

ನನ್ನಲ್ಲೂ ಕ್ರೌನ್, ಇವನಲ್ಲೂ ಕ್ರೌನ್.
ನಾನು ಕೂರಿಸುವುದು ಒಂದು ಹಲ್ಲಿಗೊಂದು,
ಇವನದಕ್ಕೆ ಬಾಯಿ ಇಲ್ಲ, ಸುತ್ತ ಹಲ್ಲೇ.

ಲೆಕ್ಕ ಮಾಡಿಯೇ ಬಂದಿದ್ದೆ, ಔಷಧಿ ಚೀಟಿಯ ಬೆನ್ನಿಗೆ:
ಎಂಬತ್ತರ ಓಟಕ್ಕೆ ಹನ್ನೊಂದರದಾದರೆ
ಎಂಜಿನ್ನು ನಿಮಿಷಕ್ಕೆ ಎರಡೂ ಮುಕ್ಕಾಲು ಸಾವಿರ ಸುತ್ತು,
ಹತ್ತರದಾದರೆ ಮೂರು ಸಾವಿರದ ಇನ್ನೂರರ ಹತ್ತಿರ.
ಹನ್ನೊಂದರದೇ ಇರಲಿ ಅಂದೆ.
ಸುರಂಗ ದಾಟಿದ ಮೇಲೆ ಅಂಕೋಲೆಯ ಕಡೆ
ರಸ್ತೆ ಬಿಚ್ಚಿಕೊಳ್ಳುತ್ತದಲ್ಲ, ಅಲ್ಲಿ ನೂರಮೂವತ್ತು.
“ಎಷ್ಟು ಸಲ ಹೊಡೆದಿದ್ದೀರಿ?”
ಎರಡು. ಅದರಲ್ಲಿ ಒಂದು ಸಲ ಮುಂದೆ ಗ್ಯಾಸಿನ ಟ್ಯಾಂಕರು.

ತಾಂಡೇಲ ನಗಲಿಲ್ಲ. ಹೊರಗೆ ಕೈ ತೋರಿಸಿದ:
“ಆ ಬೋಟು ನೋಡಿ. ಬಲೆ ಎಳೆಯೂದು ಅದರ ಕೆಲಸ.
ಅದಕ್ಕೆ ದೊಡ್ಡ ಪಂಖಾ, ನಿಧಾನ ಸುತ್ತು.
ಸಣ್ಣ ಪಂಖಾ ಹಾಕಿ ಓಡಿಸಿದ್ದ ಒಬ್ಬ, ಭಾರೀ ಓಡ್ತಿತ್ತು,
ಖಾಲಿ ಇದ್ದಾಗ.
ನೀವು ಗುರುವಾರ ಎಲ್ಲಿಗೆ ಹೋಗೂದು?”

ಜೊಯಿಡಾಕ್ಕೆ. ಕದ್ರಾ ದಾಟಿ ಅಣಶಿ ಘಟ್ಟ ಹತ್ತಿ.
ಪಕ್ಕದ ಸೀಟಿನಲ್ಲಿ ಇಕ್ಕಳ, ಹತ್ತಿ, ಸೂಜಿಮದ್ದಿನ ಡಬ್ಬಿ,
ಬೆಲ್ಟು ಕಟ್ಟಿಸಿಕೊಂಡು, ಮದುಮಗಳ ಹಾಗೆ.
ತಿರುವಿನಲ್ಲಿ ಎರಡನೇ ಗೇರು ಏದುಸಿರು ಬಿಡುತ್ತದೆ,
ಒಂದಕ್ಕಿಳಿಸಿದರೆ ಅರಚುತ್ತದೆ,
ಎರಡರ ನಡುವೆ ನನಗೆ ಬೇಕಾದದ್ದು ಇಲ್ಲ.
ಹಲ್ಲು ಮುರಿದದ್ದೂ ಅಲ್ಲೇ.

ನಲವತ್ತಕ್ಕೆ ಹತ್ತು ಯಾಕಿಲ್ಲ, ಲೆಕ್ಕ ಸುಲಭವಿತ್ತು?
“ಸಮ ಭಾಗ ಹೋದರೆ ಅದೇ ಹಲ್ಲು ಅದೇ ನಾಲ್ಕನ್ನೇ ಕಚ್ಚತದೆ,
ಒಂದರ ಮುಕ್ಕು ಆ ನಾಲ್ಕಕ್ಕೇ ಖಾಯಂ.
ಶೇಷ ಉಳಿಬೇಕು ಡಾಕ್ಟರೇ.
ಉಳಿದರೆ ಎಲ್ಲವೂ ಎಲ್ಲವನ್ನೂ ಮುಟ್ಟಿಯೇ ಬರೂದು.”
ಬೀಡಿ ಹಚ್ಚಿಕೊಂಡ. ಅವನಿಗೆ ಅದು ಬರೀ ಗೇರಿನ ಮಾತು.

ಸರಿ, ಹತ್ತರದು ಅಂದೆ.

ಕೂರಿಸಿ, ಕಡಿತ ನೋಡಲು ನೀಲಿ ಬಣ್ಣ ಹುಡುಕಿದ,
ಡಬ್ಬಿಯಲ್ಲಿ ಒಣಗಿ ಹೆಪ್ಪಾಗಿತ್ತು.
ಚೀಲದಿಂದ ನನ್ನ ನೀಲಿ ಕಾಗದ ತೆಗೆದೆ,
ಹೊಸ ಕ್ರೌನ್ ಕೂರಿಸಿ “ಕಚ್ಚಿ, ಉಜ್ಜಿ” ಅನ್ನುವಾಗ
ರೋಗಿಯ ಬಾಯಿಗಿಡುವ ಪಟ್ಟಿ.
ಹಲ್ಲುಗಳ ನಡುವೆ ತೂರಿಸಿದೆ, ಅವನು ತಿರುಗಿಸಿದ.
ಗುರುತು ತುದಿಗೆ ಹತ್ತಿತ್ತು.
ಎತ್ತರ ಇದೆ, ಇಬ್ಬರೂ ಒಟ್ಟಿಗೆ ಅಂದೆವು.
ನಾನಾದರೆ ಉಜ್ಜಿ ಇಳಿಸುತ್ತಿದ್ದೆ,
ಅವನು ಒಂದು ತೆಳು ತಗಡಿನ ಬಿಲ್ಲೆ ಸೇರಿಸಿದ.
ಮೂರನೇ ಸಲಕ್ಕೆ ನೀಲಿ, ಹಲ್ಲಿನ ನಡುಮಧ್ಯಕ್ಕೆ ಬಂತು.

“ಇನ್ನು ಮುಳ್ಳು ಸುಳ್ಳು ಹೇಳತದೆ,” ಕೈ ಒರೆಸುತ್ತ ಅಂದ,
“ಅದು ಎಂಬತ್ತು ಅಂದರೆ ನೀವು ಅರವತ್ತೊಂಬತ್ತು. ಸರಿ ಮಾಡಲಾ?”
ಬೇಡ, ಅದರ ಪಾಡಿಗೆ ಅದು ಹೇಳಿಕೊಳ್ಳಲಿ.

ಮುರಿದ ಹಲ್ಲು ಕೇಳಿದೆ. ಕಾಗದದಲ್ಲಿ ಕಟ್ಟಿಕೊಟ್ಟ,
ಹಳೇ ಚಾಳಿಯಿಂದ ನಾನು
“ಇಪ್ಪತ್ತನಾಲ್ಕು ತಾಸು ಬಿಸಿ ಬೇಡ” ಅಂದುಬಿಟ್ಟೆ.
ಈಗ ನಕ್ಕ.
ಹಿಂದೆ ಯಾರೋ ಟ್ರಾಲರಿನ ಪಂಖಾ ಹೊತ್ತು ಕಾಯುತ್ತಿದ್ದರು.