ಏಳು ಅಂದ್ರ ಏಳಬ್ಯಾಡ್ರಿ

ಪಂಕ್ತಿ ಬ್ಯಾಡ, ಈ ಸಲ ದುಂಡನ್ನ ಟೇಬಲ್ಲು
ಅಂತ ಹಟ ಹಿಡದಾಕಿ ನಾನಽ.
ಮುಳಗುಂದ ನಾಕಾ ದಾಟಿದ ಮ್ಯಾಲೆ ಒಂದು ಸಣ್ಣ ಹಾಲ್,
ಹತ್ತು ಟೇಬಲ್, ಟೇಬಲ್ಲಿಗೆ ಎಂಟು ಕುರ್ಚಿ.
ಎರಡನೇ ಮದಿವಿಗೆ ಇಷ್ಟು ಮಂದಿ ಸಾಕು.

ಅಪ್ಪ ಅಟ್ಟದಿಂದ ಇಳಿಸಿದ
ಡಿಪೋದಾಗ ಗುಜರಿಗೆ ಹಾಕಿದ್ದ ತಗಡಿನ ಬೋರ್ಡು:
ಗದಗ ರೋಣ ಗಜೇಂದ್ರಗಡ.
ಮೂವತ್ತೊಂದು ವರ್ಷ ಆ ದಾರಿಯೊಳಗ ಟಿಕೀಟು ಹರದಾಂವ.
ಖಾಜೇಸಾಬ ಪೇಂಟರು ಅದನ್ನ ಹತ್ತು ತುಂಡು ಮಾಡಿ
ಒಂದು ಮಗ್ಗಲಿಗೆ ಹಳದಿ ಬಳದು
ಅಂಕಿ ಕನ್ನಡದ್ದೋ ಇಂಗ್ಲೀಷಿಂದೋ, ಅಂದ.
ಅಂಕಿ ಬ್ಯಾಡ ಕಾಕಾ, ಅಕ್ಷರದಾಗ ಬರಿ.
ಕನ್ನಡದ ಒಂದು ದೂರಿಂದ ಸೊನ್ನಿಗತೆ ಕಾಣ್ತೈತಿ,
ಮೊದಲನೇ ಟೇಬಲ್ಲಿನ ಹಿರ್ಯಾರು
ನಮ್ಮನ್ನ ಸೊನ್ನಿಗೆ ಕುಂದ್ರಿಸ್ಯಾರ ಅಂತ ಸಿಟ್ಟಾಗ್ತಾರ.

ಅಲ್ಲಿಂದ ಸುರುವಾತು ನಿಂಬೆವ್ವತ್ತಿ ತಕರಾರು.
ಅಂಗಳದಾಗ ಒಣಗಾಕ ಇಟ್ಟ ತಗಡು
ಒಂದೊಂದಽ ಓದಿದಳು, ಹಪ್ಪಳ ಎಣಿಸಿದಂಗ.
"ಆರು? ಶುಭಕಾರ್ಯದಾಗ ಆರು ಅಂತಾರೇನ?
ದೀಪ ಆರತೈತಿ, ಸಾರು ಆರತೈತಿ.
ಏಳು! ಊಟಕ್ಕ ಕುಂತ ಬೀಗರ ಮುಂದ
ಏಳು ಅಂತ ಬೋರ್ಡು ಇಡ್ತೀರಾ?
ಮೂರಂತೂ ಬ್ಯಾಡಽ ಬ್ಯಾಡ,
ಮೂರಾಬಟ್ಟಿ ಆದದ್ದು ಒಮ್ಮೆ ಸಾಕು."

ಆ ಮಾತಿಗೆ ಯಾರೂ ಏನೂ ಅನಲಿಲ್ಲ.
ಖಾಜೇಸಾಬ ಚಿಮಣಿ ಎಣ್ಣ್ಯಾಗ ಬ್ರಷ್ ತೊಳೀತಿದ್ದ,
ತೊಳದದ್ದನ್ನಽ ತೊಳೀತಿದ್ದ.

ನಾಲ್ಕಕ್ಕ ಮಾತ್ರ ಅತ್ತಿ ಏನೂ ಅನಲಿಲ್ಲ.
ಅದನ್ನ ಕೈಯಾಗ ಹಿಡಕೊಂಡು ನಾ ಕುಂತೆ.
ನಾಕ ಮಂದಿ ಏನಂತಾರ, ನಾಕ ಮಂದಿ ಏನಂತಾರ
ಅಂತ ಐದು ವರ್ಷ ಆ ಮನಿಯಾಗ ಇದ್ದೆ,
ಬಿಟ್ಟು ಬಂದು ಎಂಟು ವರ್ಷ ಈ ಮನಿಯಾಗ.
ಅವರು ಯಾರು ಅಂತ ಹುಡಕಿದ್ರ ಸಿಗತಿರಲಿಲ್ಲ.
ಈಗ ಯಾದಿ ಬರಿಯಾಕ ಕುಂತಾಗ ಸಿಕ್ಕರು:
ಬೆಟಗೇರಿ ದೊಡ್ಡಪ್ಪ, ಬ್ಯಾಂಕಿನ ಸರೋಜಕ್ಕ,
ಎದುರು ಮನಿ ಕಂಬಿ ಮಾಸ್ತರು, ಮಾಸ್ತರ ಹೇಣ್ತಿ.
ನಾಕನೇ ಟೇಬಲ್ಲು ಅವರದು.
ಅಡಗಿಮನಿ ಬಾಗಲಕ್ಕ ಹತ್ತಿ, ಫ್ಯಾನಿನ ಕೆಳಗ,
ಮಿರ್ಚಿ ಬಿಸಿ ಇದ್ದಾಗ ಬಾಯಿ ತುಂಬಲಿ.
ಉಳಿದ ನಾಕು ಕುರ್ಚಿ ಖಾಲಿ ಇರಲಿ ಅಂದೆ.
ಸೀಟು ಖಾಲಿ ಇಟ್ಟು ಗಾಡಿ ಬಿಡಬಾರದು, ಅಂದ ಅಪ್ಪ.
ಉಳವಪ್ಪನ ಗೆಳ್ಯಾರನ್ನ ಹಾಕಿದಿವಿ.

ಅತ್ತಿ ಹೇಳಿದ್ದಽ ಆತು.
ಹುಗ್ಗಿ ಬಕೀಟು ಹಿಡದ ಹುಡುಗ
ಎಲ್ಲಿಗೆ ಅಂತ ಕೇಳಿದ, ಅಡಗಿಯಂವ ಒಳಗಿಂದ ಒದರಿದ:
"ಏಳು! ಏಳು! ಲಗೂನ!"
ರೋಣದ ಕಡಿಯವರು ಎಂಟೂ ಮಂದಿ
ಎಡಗೈಯಾಗ ಧೋತರ ಹಿಡಕೊಂಡು ಎದ್ದು ನಿಂತರು,
ಬಲಗೈಯಾಗ ಇನ್ನೂ ರೊಟ್ಟಿ.
ಅಪ್ಪ ಓಡಿದ. "ಕುಂದರ್ರಿ, ಕುಂದರ್ರಿ,
ನಿಮ್ಮ ಸ್ಟಾಪು ಇನ್ನ ಬಂದಿಲ್ಲ!"
ಮೊದಲು ನಕ್ಕಾಕಿ ನಿಂಬೆವ್ವತ್ತಿ,
ಮೂರನೇ ಟೇಬಲ್ಲಿನಿಂದ.
ಬ್ಯಾರೆ ಯಾರೂ ಅಲ್ಲಿ ಕುಂದರಬಾರದು ಅಂತ
ತಾನಽ ಮೊದಲು ಬಂದು ಕುಂತಿದ್ದಳು.

ಹನ್ನೊಂದಾಗಿತ್ತು. ಕುರ್ಚಿ ಮಡಚಾಕತ್ತಿದ್ದರು.
ಅಪ್ಪ ಟವೆಲ್ಲಿನಿಂದ ಹುಗ್ಗಿ ಕಲಿ ಒರಸಿ ಒರಸಿ
ತಗಡು ಒಂದರ ಮ್ಯಾಲೆ ಒಂದು ಇಟ್ಟ.
ಹಿಂದಿನ ಮಗ್ಗಲದಾಗ ಹಳೇ ದಾರಿ ಹಂಗಽ ಇತ್ತು,
ಐದರ ಬೆನ್ನಿಗೆ ಅರ್ಧ ರೋಣ,
ಎಂಟರ ಬೆನ್ನಿಗೆ ಜೇಂ.
ನಾನೂ ಎಣಿಸಿದೆ.

ಕಾರಿನ ಬಾಗಲಾ ತಗದು
"ಹತ್ತು" ಅಂದ.
ಲೆಕ್ಕ ಹೇಳಾಕತ್ತಾನ ಅಂತ ತಿಳದು
ಒಂಬತ್ತಽ ಅದಾವಪ್ಪಾ, ಒಂದು ಸಿಗವಲ್ದು, ಅಂದೆ.
"ಹತ್ತವ್ವಾ," ಅಂದ,
ತಗಡು ಬಗಲಾಗ ಇಟಕೊಂಡು,
"ಹೊತ್ತಾತು."