ಒಂದು ನೂಲಿನ ತೂತು

ಕಾಕ್ಸ್ ಟೌನಿನ ನಮ್ಮ ಶಾಲೆಯ ಮೈದಾನಕ್ಕೆ
ಹುಲ್ಲು ಕೊಯ್ಯುವ ಈ ಗಿಡ್ಡ ಟ್ರ್ಯಾಕ್ಟರು ಬಂದಾಗ
ನಾನಿನ್ನೂ ಹುಟ್ಟಿರಲಿಲ್ಲವಂತೆ.
ಯಾರೋ ಪಾದ್ರಿಗಳು ಹಡಗಿನಲ್ಲಿ ತರಿಸಿದ್ದು.
ಮೈಮೇಲೆ ಮೂರು ಬಗೆಯ ಹಸಿರು,
ಕೂರಲು ಯಾವುದೋ ಬಸ್ಸಿನ ಹರಿದ ಸೀಟು.

ಎಣ್ಣೆಗೆಂದು ಒಂದು ಕೆಂಪು ದೀಪವಿತ್ತು.
ಲಾಜರ್ ಮೇಸ್ತ್ರಿ ಅದನ್ನು ನಂಬುತ್ತಿರಲಿಲ್ಲ:
"ಅದು ಸಾವಿನ ಕಾಗದ ಇದ್ದಂಗೆ ಕಣಮ್ಮ,
ಸುದ್ದಿ ಸಿಗುತ್ತೆ, ಮುಖ ನೋಡೋಕೆ ಸಿಗಲ್ಲ."

ಅವರದು ಬೇರೆ ದಾರಿ.
ಉದ್ದ ಸ್ಕ್ರೂಡ್ರೈವರಿನ ಮೂತಿಯನ್ನು ಎಂಜಿನ್ನಿಗಿಟ್ಟು
ಹಿಡಿಯನ್ನು ಕಿವಿಗೊತ್ತಿ, ಕಣ್ಣು ಮುಚ್ಚಿ
ಬೇರಿಂಗುಗಳ ಪಿಸುಜಗಳ ಕೇಳುವುದು.
"ನಾಳೆ ಎಣ್ಣೆ ಬದಲಾಯಿಸು" ಎಂದರೆ
ನಾಳೆಯೇ, ನಾಡಿದ್ದಲ್ಲ.

ಈ ಸಲ ಈಸ್ಟರ್ ರಜೆಯಲ್ಲಿ
ಅದೇ ಸ್ಕ್ರೂಡ್ರೈವರು. ತುಂಬ ಹೊತ್ತು ನಿಂತರು.
ಕಿವಿ ಬದಲಿಸಿದರು.
ಮತ್ತೆ ಮೊದಲ ಕಿವಿಗೇ ತಂದರು.
"ನಿನಗೇನನ್ನಿಸುತ್ತೆ, ಗಂಗರತ್ನ?"
ಅಷ್ಟು ವರ್ಷದಲ್ಲಿ ಅವರು ಇನ್ನೊಬ್ಬರನ್ನು ಕೇಳಿದ್ದು
ನಾನು ಕಂಡಂತೆ ಅದೇ ಮೊದಲು.

ಶನಿವಾರ ಜೆ.ಸಿ. ರೋಡಿಗೆ ಹೋದೆ.
ಹಿತ್ತಾಳೆಯ ಟೀ, ಮೂರಡಿ ತಾಮ್ರದ ನಳಿಗೆ,
ಹಳೆಯ ಮೆಟಡೋರಿನಿಂದ ಬಿಚ್ಚಿದ ಪ್ರೆಶರ್ ಗೇಜು,
ಗಾಜಿನ ಮೇಲೆ ಕೂದಲೆಳೆಯ ಬಿರುಕು.
ಅಂಗಡಿಯವನು ಸೈಕಲ್ ಪಂಪಿನಿಂದ ಗಾಳಿ ಹೊಡೆದು
ಮುಳ್ಳು ಬದುಕಿರುವುದನ್ನು ತೋರಿಸಿದ.
"ಯಾವ ಗಾಡಿಗೆ?"
"ಹುಲ್ಲಿನ ಗಾಡಿಗೆ."
ನಗಲಿಲ್ಲ. ಇಪ್ಪತ್ತು ರೂಪಾಯಿ ಇಳಿಸಿದ.

ಮೇಸ್ತ್ರಿಗೆ ಹೇಳಿದೆ, ಇದು ನನಗೋಸ್ಕರ,
ನಿಮ್ಮ ಕಿವಿ ನನಗಿಲ್ಲವಲ್ಲ.
ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು.
ಇತ್ತೀಚೆಗೆ ಎಲ್ಲರ ತುಟಿಯನ್ನೇ ನೋಡುತ್ತಾರೆ.
"ಆಯ್ತು, ಹಾಕು. ನೀನೇ ಹಾಕಬೇಕು."

ದೀಪದ ಸ್ವಿಚ್ಚು ಬಿಚ್ಚಿದೆ. ಒಂದು ನೂಲಿನ ತೂತು.
ಅಷ್ಟು ದೊಡ್ಡ ಹೊಟ್ಟೆಗೆ ಅಷ್ಟೇ ಕಿಟಕಿ.
ಬಿಳಿ ಟೇಪು ಸುತ್ತುವಾಗ ಕೈ ಹಿಡಿದರು:
"ಮೊದಲ ಮರೆ ಖಾಲಿ ಬಿಡು. ಚೂರು ಹರಿದು ಒಳಗೆ ಬಿದ್ದರೆ
ಎಣ್ಣೆಯ ದಾರಿಗೇ ಅಡ್ಡ ಮಲಗುತ್ತೆ."
ಟೀ ಕೂರಿಸುವಾಗ: "ಅಲ್ಯೂಮಿನಿಯಂ ಅದು,
ಯಾರ ಮೇಲಿನ ಸಿಟ್ಟನ್ನೂ ಅಲ್ಲಿ ತೀರಿಸಬೇಡ."
ನೀನೇ ಹಾಕಬೇಕು ಎಂದವರು
ತಾಮ್ರದ ನಳಿಗೆಯನ್ನು ಮಾತ್ರ ಕಸಿದುಕೊಂಡು
ಫ್ಲಾಸ್ಕಿನ ಮುಚ್ಚಳಕ್ಕೆ ಸುತ್ತಿ ಎರಡು ಸುರುಳಿ ಮಾಡಿದರು.
ನಡುಗುವ ಗಾಡಿಗೆ ನೇರ ನಳಿಗೆ ತಡೆಯುವುದಿಲ್ಲ.

ಗೇಜಿಗೆ ಪಟ್ಟಿ ಬೇಕಿತ್ತು.
ಒಂಬತ್ತನೇ ಕ್ಲಾಸಿನ ಮುರಿದ ಬೆಂಚಿನಿಂದ ಕತ್ತರಿಸಿದೆ.
ಯಾವನೋ ಹುಡುಗ ಮೊಳೆಯಿಂದ ಗೀಚಿದ ಹೆಸರು
ಗರಗಸಕ್ಕೆ ಸಿಕ್ಕಿ ಅರ್ಧವಾಯಿತು:
ಡೆಲ್

ಚಾಲೂ ಮಾಡಿದೆ. ಮುಳ್ಳು ಕದಲಲಿಲ್ಲ.
ಗೇಜಿನ ಹತ್ತಿರದ ನಟ್ಟನ್ನು ಅವರು ಸ್ವಲ್ಪ ಸಡಿಲಿಸಿದರು.
ಗುಳ್ಳೆ, ಗುಳ್ಳೆ, ನಡುವೆ ಒಂದು ಬಿಕ್ಕು,
ಆಮೇಲೆ ಕಾಕಂಬಿಯ ಬಣ್ಣದ ಎಣ್ಣೆ.
ನಟ್ಟು ಬಿಗಿಯಿತು. ಮುಳ್ಳು ಎದ್ದಿತು.
ಐವತ್ತೈದು.

ಬಾಸ್ಕೆಟ್‌ಬಾಲ್ ಕಂಬದ ತನಕ ಕೊಯ್ದು ತಿರುಗಿ ಬಂದೆ.
ಎಂಜಿನ್ನು ಕಾದು, ಓಟ ನಿಧಾನಿಸಿ,
ಮುಳ್ಳು ಹನ್ನೆರಡಕ್ಕೆ ಬಂದು ಕೂತಿತ್ತು.
ನನ್ನ ಎದೆ ಝಲ್ಲೆಂದಿತು. ಆರಿಸಿಬಿಡಲೇ ಎಂದು ಕೂಗಿದೆ.
ಬೇಡವೆಂದು ಕೈಯಾಡಿಸಿ
ಸ್ಕ್ರೂಡ್ರೈವರನ್ನು ಬ್ಲಾಕಿಗಿಟ್ಟು
ಹಿಡಿಯನ್ನು ಈ ಸಲ ಹಲ್ಲಿನಲ್ಲಿ ಕಚ್ಚಿದರು.
ಕಣ್ಣು ಮುಚ್ಚಲಿಲ್ಲ.
ಹನ್ನೆರಡು ಎಂದರೆ ಹಲ್ಲಿಗೆ ಹೇಗೆ ತಾಗುತ್ತದೆ,
ಹದಿನಾಲ್ಕು ಹೇಗೆ,
ಮುಳ್ಳು ನೋಡುತ್ತ ಒಂದೊಂದೇ ಕಲಿಯುತ್ತಿದ್ದರು,
ಅಕ್ಷರಾಭ್ಯಾಸಕ್ಕೆ ಕೂತವರ ಹಾಗೆ.

ಈಸ್ಟ್ ಸ್ಟೇಷನ್ನಿನ ಕಡೆಯಿಂದ ರೈಲು ಕೂಗಿತು.
ನಾನು ತಿರುಗಿದೆ. ಅವರು ತಿರುಗಲಿಲ್ಲ.

ಸೋಮವಾರ ಬೆಳಿಗ್ಗೆ
ಟೀಯ ಕೆಳಗೊಂದು ಹನಿ, ಬೀಳದೆ ತೂಗುತ್ತಿತ್ತು.
ಸ್ಪ್ಯಾನರು ಎತ್ತಿಕೊಂಡೆ.
ನಾನಿನ್ನೂ ಬಾಯಿ ತೆರೆದಿರಲಿಲ್ಲ,
"ಕಾಲು ಸುತ್ತು" ಎಂದರು, "ಸಾಕು."